ಕ್ರಿಪ್ಟೋ ಕರೆನ್ಸಿ ಗಲ್ಲಾಪೆಟ್ಟಿಗೆಗೆ ಬರುವುದೆಂದು?

ಯಾವುದೇ ಹೊಸ ಹಣ ಚಲಾವಣೆಗೆ ಬಂದಾಗಲೂ ಅದರ ಕೊನೆಯ ಪರೀಕ್ಷೆ ನಡೆಯುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ. ಅರಸರು ಟಂಕಿಸಿದ ವರಾಹವಾಗಲಿ, ಸಾಹುಕಾರರು ಬರೆದುಕೊಟ್ಟ ಹುಂಡಿಯಾಗಲಿ, ಸರ್ಕಾರ ಅಚ್ಚು ಹಾಕಿಸಿದ ನೋಟಾಗಲಿ, ಅದನ್ನು ಪಡೆದ ವರ್ತಕನು ಮರುದಿನ ಮತ್ತೊಬ್ಬ ವರ್ತಕನಿಗೆ ಅದೇ ಬೆಲೆಗೆ ದಾಟಿಸಬಲ್ಲನೆಂಬ ನಂಬಿಕೆ ಹುಟ್ಟಿದ ಮೇಲಷ್ಟೇ ಹಣವೆನಿಸಿಕೊಂಡಿತು. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಜಾಲ ಕಾರ್ಯಾರಂಭ ಮಾಡಿದಂದಿನಿಂದ ಕ್ರಿಪ್ಟೋ ಕರೆನ್ಸಿಯು ಈ ಪರೀಕ್ಷೆಯ ಹೊಸ್ತಿಲಲ್ಲೇ ನಿಂತಿದೆ. ಅದು ಒಳಗೆ ಬರುವುದೆಂದು ಎಂಬ ಪ್ರಶ್ನೆಯನ್ನು ಹೂಡಿಕೆದಾರರೂ ತಂತ್ರಜ್ಞರೂ ವರ್ಷ ವರ್ಷವೂ ಕೇಳುತ್ತಲೇ ಇದ್ದಾರೆ. ಆದರೆ ಉತ್ತರ ನೀಡಬೇಕಾದವರು ವರ್ತಕರು ಮತ್ತು ಸಣ್ಣ ಉದ್ದಿಮೆದಾರರು.

2010ರ ಮೇ 22ರಂದು ಅಮೆರಿಕದಲ್ಲಿ ಒಬ್ಬಾತ 10,000 ಬಿಟ್‌ಕಾಯಿನ್ ತೆತ್ತು ಎರಡು ಪಿಜ್ಜಾ ತರಿಸಿಕೊಂಡನು. 2024ರ ಡಿಸೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್‌ನ ಬೆಲೆ 1 ಲಕ್ಷ ಡಾಲರ್ ದಾಟಿದಾಗ, ಅಂದು ಪಿಜ್ಜಾಕ್ಕೆ ಕೊಟ್ಟ ನಾಣ್ಯಗಳ ಮೌಲ್ಯ 100 ಕೋಟಿ ಡಾಲರ್ ಮೀರಿತ್ತು. ಈ ಲೆಕ್ಕವನ್ನು ಕ್ರಿಪ್ಟೋ ಅಭಿಮಾನಿಗಳು ಹೆಮ್ಮೆಯಿಂದ ಹೇಳುವುದುಂಟು. ವ್ಯಾಪಾರಿಯ ಕಣ್ಣಿಗೆ ಅದರಲ್ಲಿ ಕಾಣಬೇಕಾದದ್ದು ಬೇರೆ. ಬೆಲೆ ಏರುವುದೆಂದು ನಂಬಿದವನು ಆ ನಾಣ್ಯವನ್ನು ಖರ್ಚು ಮಾಡುವುದಿಲ್ಲ. ಇಳಿಯುವುದೆಂದು ಅಂಜಿದವನು ಅದನ್ನು ಸ್ವೀಕರಿಸುವುದಿಲ್ಲ. ಕೊಡುವವನೂ ಕೊಳ್ಳುವವನೂ ಹಿಂಜರಿಯುವ ವಸ್ತು ಒಳ್ಳೆಯ ಸ್ವತ್ತಾಗಬಹುದು, ದಿನಬಳಕೆಯ ಹಣವಾಗುವುದು ಕಷ್ಟ.

ಕಾನೂನಿನ ಬಲವೊಂದೇ ಸಾಲದು

ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ ಈ ವಿಷಯದಲ್ಲಿ ಜಗತ್ತಿಗೇ ಪ್ರಯೋಗಶಾಲೆಯಾಯಿತು. 2001ರಿಂದ ಅಮೆರಿಕದ ಡಾಲರನ್ನೇ ಬಳಸುತ್ತಿದ್ದ ಆ ದೇಶ 2021ರ ಸೆಪ್ಟೆಂಬರ್ 7ರಂದು ಬಿಟ್‌ಕಾಯಿನ್‌ಗೆ ಕಾನೂನುಬದ್ಧ ಹಣದ ಸ್ಥಾನ ನೀಡಿತು. ತಾಂತ್ರಿಕ ಅನುಕೂಲವಿರುವ ಪ್ರತಿಯೊಬ್ಬ ವ್ಯಾಪಾರಿಯೂ ಅದನ್ನು ಸ್ವೀಕರಿಸಬೇಕೆಂದು ಕಾನೂನು ವಿಧಿಸಿತು. ಸರ್ಕಾರವೇ ‘ಚಿವೊ’ ಎಂಬ ಮೊಬೈಲ್ ಆ್ಯಪ್ ಹೊರತಂದು, ಅದನ್ನು ಇಳಿಸಿಕೊಂಡವರಿಗೆ 30 ಡಾಲರ್ ಮೌಲ್ಯದ ಬಿಟ್‌ಕಾಯಿನನ್ನು ಉಚಿತವಾಗಿ ಹಂಚಿತು. ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ಅಲ್ಲಿನ ಒಟ್ಟು ಉತ್ಪನ್ನದ ಐದನೆಯ ಒಂದು ಭಾಗಕ್ಕೂ ಹೆಚ್ಚು. ಅದನ್ನು ತರಿಸಿಕೊಳ್ಳುವ ಖರ್ಚು ತಗ್ಗುವುದೆಂಬ ಬಲವಾದ ಕಾರಣವೂ ಜನರ ಮುಂದಿತ್ತು.

ಕಾನೂನು, ತಂತ್ರಜ್ಞಾನ, ಪ್ರೋತ್ಸಾಹಧನ ಮೂರೂ ಒಟ್ಟಿಗೆ ಇದ್ದರೂ ಫಲ ಮಾತ್ರ ನಿರಾಶಾದಾಯಕವಾಯಿತು. 2022ರ ಆರಂಭದಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿದ ಸಮೀಕ್ಷೆಯ ಪ್ರಕಾರ ಬಿಟ್‌ಕಾಯಿನ್ ಸ್ವೀಕರಿಸುತ್ತಿದ್ದ ಉದ್ದಿಮೆಗಳು ಐದರಲ್ಲಿ ಒಂದು ಮಾತ್ರ. ಆ್ಯಪ್ ಇಳಿಸಿಕೊಂಡವರಲ್ಲಿ ಬಹುಪಾಲು ಜನ ಉಚಿತ 30 ಡಾಲರ್ ಮುಗಿದ ಮೇಲೆ ಅದರ ಗೊಡವೆಗೆ ಹೋಗಲಿಲ್ಲ. ಹೊರದೇಶದಿಂದ ಬರುವ ಹಣದಲ್ಲಿಯೂ ಕ್ರಿಪ್ಟೋ ಮಾರ್ಗದ ಪಾಲು 2022ರಲ್ಲಿ ಶೇ 2ಕ್ಕಿಂತ ಕಡಿಮೆ ಇತ್ತು. ಕಡೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 140 ಕೋಟಿ ಡಾಲರ್ ನೆರವು ಪಡೆಯುವ ಸಂದರ್ಭದಲ್ಲಿ, 2025ರ ಜನವರಿಯಲ್ಲಿ ಆ ದೇಶ ಕಾನೂನನ್ನು ತಿದ್ದಿ, ಬಿಟ್‌ಕಾಯಿನ್ ಸ್ವೀಕಾರವನ್ನು ವ್ಯಾಪಾರಿಯ ಇಚ್ಛೆಗೆ ಬಿಟ್ಟಿತು. 2022ರ ಏಪ್ರಿಲ್‌ನಲ್ಲಿ ಇದೇ ಹಾದಿ ತುಳಿದಿದ್ದ ಮಧ್ಯ ಆಫ್ರಿಕಾ ಗಣರಾಜ್ಯವು ಮರುವರ್ಷವೇ ಹಿಂದೆ ಸರಿದಿತ್ತು.

ಇದಕ್ಕೆ ಪ್ರತಿಯಾಗಿ ಅರ್ಜೆಂಟೀನಾದತ್ತ ನೋಡಬಹುದು. 2023ರಲ್ಲಿ ಅಲ್ಲಿನ ಹಣದುಬ್ಬರ ಶೇ 200ನ್ನು ಮೀರಿತು. ಬೆಳಿಗ್ಗೆ ಕೈಗೆ ಬಂದ ಪೆಸೊ ಸಂಜೆಗೆ ಕರಗುವ ಸ್ಥಿತಿಯಲ್ಲಿ ಜನರು ಯಾರ ಒತ್ತಾಯವೂ ಇಲ್ಲದೆ ಡಾಲರ್ ಮೌಲ್ಯದ ಕ್ರಿಪ್ಟೋ ನಾಣ್ಯಗಳ ಮೊರೆಹೊಕ್ಕರು. ಎರಡೂ ದೇಶಗಳನ್ನು ಒಟ್ಟಿಗೆ ನೋಡಿದಾಗ ತಿಳಿಯುವುದಿಷ್ಟು: ಹೊಸ ಹಣ ನೆಲೆಯೂರುವುದು ಕಾನೂನಿನ ಆಜ್ಞೆಯಿಂದಲ್ಲ, ಇರುವ ಹಣದ ಕೊರತೆಯಿಂದ. ಆದ್ದರಿಂದ ‘ಎಂದು’ ಎಂಬ ಪ್ರಶ್ನೆಗೆ ಇಡೀ ಜಗತ್ತಿಗೆ ಅನ್ವಯಿಸುವ ಒಂದೇ ಇಸವಿ ಇರಲಾರದು. ಪ್ರತಿ ದೇಶವೂ ತನ್ನ ಹಣದಲ್ಲಿ, ತನ್ನ ಪಾವತಿ ವ್ಯವಸ್ಥೆಯಲ್ಲಿ ಕೊರತೆ ಏನಿದೆಯೆಂದು ಮೊದಲು ಕೇಳಿಕೊಳ್ಳಬೇಕು.

ಯುಪಿಐ ಹಾಕಿಕೊಟ್ಟ ಮಟ್ಟ

ಭಾರತದ ಚಿಲ್ಲರೆ ವ್ಯಾಪಾರದಲ್ಲಿ ಆ ಕೊರತೆಯನ್ನು ಯುಪಿಐ ಬಹುಮಟ್ಟಿಗೆ ತುಂಬಿಬಿಟ್ಟಿದೆ. 2016ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟು ನಡೆಯಿತು. ಅಂದರೆ ದಿನಕ್ಕೆ ಸರಾಸರಿ 64 ಕೋಟಿ. ಬಿಟ್‌ಕಾಯಿನ್‌ನ ಮೂಲ ಜಾಲ ಸೆಕೆಂಡಿಗೆ ನಿಭಾಯಿಸಬಲ್ಲದ್ದು ಸುಮಾರು 7 ವಹಿವಾಟುಗಳನ್ನು ಮಾತ್ರ. ದಿನವಿಡೀ ಎಡೆಬಿಡದೆ ನಡೆದರೂ ಅದು 6 ಲಕ್ಷದ ಆಸುಪಾಸು. ಆ ಜಾಲ ಒಂದು ದಿನದಲ್ಲಿ ಮುಗಿಸುವ ಕೆಲಸವನ್ನು ಯುಪಿಐ ಒಂದೂವರೆ ನಿಮಿಷದೊಳಗೆ ಮುಗಿಸುತ್ತದೆ. ‘ಲೈಟ್ನಿಂಗ್’ನಂತಹ ಮೇಲ್ಪದರದ ಜಾಲಗಳೂ ಹೊಸ ಬ್ಲಾಕ್‌ಚೈನ್‌ಗಳೂ ವೇಗದ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಿವೆ ಎಂಬುದು ನಿಜ. ಆದರೆ ವೇಗವು ವರ್ತಕನ ಹಲವು ಪ್ರಶ್ನೆಗಳಲ್ಲಿ ಒಂದು ಮಾತ್ರ.

ಎರಡನೆಯದು ಖರ್ಚಿನ ಪ್ರಶ್ನೆ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವರ್ತಕರಿಂದ ಶುಲ್ಕ ಪಡೆಯುವುದನ್ನು ಸರ್ಕಾರ ನಿಲ್ಲಿಸಿದ್ದು, ಬೀದಿಬದಿಯ ತರಕಾರಿ ಗಾಡಿಯವರೆಗೂ ಕ್ಯೂಆರ್ ಫಲಕ ತಲುಪಲು ಮುಖ್ಯ ಕಾರಣವಾಯಿತು. ನೂರು ರೂಪಾಯಿ ವ್ಯಾಪಾರದಲ್ಲಿ ನಾಲ್ಕೈದು ರೂಪಾಯಿ ಉಳಿಸಿಕೊಳ್ಳುವ ಕಿರಾಣಿ ವ್ಯಾಪಾರಿಗೆ ಒಂದು ರೂಪಾಯಿ ಶುಲ್ಕವೂ ಹೊರೆಯೇ. ಮೂರನೆಯದು ಮೌಲ್ಯದ ಪ್ರಶ್ನೆ. 2021ರ ನವೆಂಬರ್‌ನಲ್ಲಿ 69,000 ಡಾಲರ್ ಸಮೀಪವಿದ್ದ ಬಿಟ್‌ಕಾಯಿನ್ ಒಂದು ವರ್ಷದಲ್ಲಿ 16,000 ಡಾಲರ್ ಆಸುಪಾಸಿಗೆ ಕುಸಿಯಿತು. ಅಂದು ಒಂದು ಲಕ್ಷ ರೂಪಾಯಿಯ ಸರಕಿಗೆ ಬಿಟ್‌ಕಾಯಿನ್ ಪಡೆದು ಹಾಗೆಯೇ ಇಟ್ಟುಕೊಂಡವನ ಬಳಿ, ಡಾಲರ್ ದರದ ಲೆಕ್ಕದಲ್ಲಿ, ಮರುವರ್ಷ ಉಳಿಯುತ್ತಿದ್ದುದು ಸುಮಾರು 23 ಸಾವಿರ. ಸರಕು ಕೊಟ್ಟ ಸಗಟು ವ್ಯಾಪಾರಿಗೂ, ಕೂಲಿಯಾಳುಗಳಿಗೂ, ಬ್ಯಾಂಕಿನ ಸಾಲದ ಕಂತಿಗೂ ಆತ ರೂಪಾಯಿಯನ್ನೇ ಎಣಿಸಿಕೊಡಬೇಕು. ದುಡಿಯುವ ಬಂಡವಾಳವನ್ನು ಇಂತಹ ಏರಿಳಿತಕ್ಕೆ ಒಡ್ಡಿದರೆ ಲಾಭ ಬಂದ ವರ್ಷ ಅದು ಅದೃಷ್ಟವೆನಿಸುತ್ತದೆ, ನಷ್ಟವಾದ ವರ್ಷ ಅಂಗಡಿಯ ಬಾಗಿಲೇ ಮುಚ್ಚುತ್ತದೆ.

ನಾಲ್ಕನೆಯ ಪ್ರಶ್ನೆ ದೂರು ಮತ್ತು ಪರಿಹಾರದ್ದು. ತಪ್ಪು ಖಾತೆಗೆ ಹಣ ಹೋದರೆ ಬ್ಯಾಂಕಿಗೆ ಅರ್ಜಿ ಕೊಡಬಹುದು, ಓಂಬುಡ್ಸ್‌ಮನ್‌ವರೆಗೆ ಹೋಗಬಹುದು. ಕ್ರಿಪ್ಟೋ ನಾಣ್ಯ ತಪ್ಪು ವಿಳಾಸಕ್ಕೆ ಹೋದರೆ ಅದನ್ನು ಹಿಂದಿರುಗಿಸುವ ಅಧಿಕಾರ ಯಾರ ಕೈಯಲ್ಲಿಯೂ ಇಲ್ಲ. ಗುಪ್ತಕೀಲಿ ಕಳೆದುಕೊಂಡರೆ ಹಣವೂ ಹೋದಂತೆಯೇ. ನಾಣ್ಯಗಳನ್ನು ಮಧ್ಯವರ್ತಿ ವಿನಿಮಯ ಕೇಂದ್ರದಲ್ಲಿ ಇಟ್ಟರೂ ನಿಶ್ಚಿಂತೆಯಿಲ್ಲ: 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಬೃಹತ್ ಕೇಂದ್ರ ದಿವಾಳಿಯಾಯಿತು. 2024ರ ಜುಲೈನಲ್ಲಿ ಭಾರತದ ವಿನಿಮಯ ಕೇಂದ್ರವೊಂದರಿಂದಲೇ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ನಾಣ್ಯಗಳು ಕಳವಾದವು.

ಐದನೆಯದು ತೆರಿಗೆ. ಪಾವತಿ ವಿಧಾನವೊಂದರ ಭವಿಷ್ಯವನ್ನು ತೆರಿಗೆ ಹೇಗೆ ನಿರ್ಧರಿಸುತ್ತದೆ ಎಂಬುದಕ್ಕೆ ಕರ್ನಾಟಕದ ಉದಾಹರಣೆಯೇ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಮೊತ್ತವನ್ನು ಆಧರಿಸಿ ಸಣ್ಣ ವರ್ತಕರಿಗೆ ಜಿಎಸ್‌ಟಿ ನೋಟಿಸ್ ನೀಡಿದಾಗ, ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಇಳಿದು ‘ನಗದು ಮಾತ್ರ’ ಎಂಬ ಚೀಟಿ ಏರಿತು. ಶುಲ್ಕವಿಲ್ಲದ, ವೇಗದ, ಮನೆಮಾತಾದ ವ್ಯವಸ್ಥೆಗೇ ಈ ಸ್ಥಿತಿ ಬಂದಿತೆಂದ ಮೇಲೆ, ತೆರಿಗೆಯ ತೊಡಕೇ ಮೈವೆತ್ತಂತಿರುವ ಹೊಸ ನಾಣ್ಯವೊಂದನ್ನು ವರ್ತಕನು ಗಲ್ಲಾಪೆಟ್ಟಿಗೆಗೆ ಬಿಟ್ಟುಕೊಳ್ಳುವನೆಂದು ನಿರೀಕ್ಷಿಸುವುದು ಹೇಗೆ?

ತೆರಿಗೆಯಿದೆ, ಸಮಗ್ರ ಕಾನೂನಿಲ್ಲ

ಭಾರತದಲ್ಲಿ ಕ್ರಿಪ್ಟೋ ಕರೆನ್ಸಿಯ ಕಾನೂನು ಸ್ಥಿತಿ ವಿಲಕ್ಷಣವಾದದ್ದು. 2013ರ ಡಿಸೆಂಬರ್‌ನಲ್ಲಿಯೇ ಜನರನ್ನು ಎಚ್ಚರಿಸಿದ್ದ ರಿಸರ್ವ್ ಬ್ಯಾಂಕ್, 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಈ ವ್ಯವಹಾರಕ್ಕೆ ಸೇವೆ ನೀಡಕೂಡದೆಂದು ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಗೊಳಿಸಿತು. 2021ರ ಚಳಿಗಾಲದ ಅಧಿವೇಶನದ ಕಾರ್ಯಸೂಚಿಯಲ್ಲಿ ಕ್ರಿಪ್ಟೋ ಮಸೂದೆಯ ಹೆಸರು ಕಾಣಿಸಿತಾದರೂ ಅದು ಮಂಡನೆಯಾಗಲಿಲ್ಲ. ಮಸೂದೆಗೆ ಮೊದಲೇ ತೆರಿಗೆ ಬಂದಿತು. 2022ರ ಏಪ್ರಿಲ್ 1ರಿಂದ ಇಂತಹ ನಾಣ್ಯಗಳ ವರ್ಗಾವಣೆಯ ಲಾಭಕ್ಕೆ ಶೇ 30 ತೆರಿಗೆ, ಅದೇ ವರ್ಷದ ಜುಲೈ 1ರಿಂದ ನಿಗದಿತ ಮಿತಿ ಮೀರಿದ ವರ್ಗಾವಣೆಯ ಮೇಲೆ ಶೇ 1ರಷ್ಟು ಮೂಲದಲ್ಲೇ ತೆರಿಗೆ ಕಡಿತ ಜಾರಿಯಾದವು. 2023ರ ಮಾರ್ಚ್‌ನಲ್ಲಿ ವಿನಿಮಯ ಕೇಂದ್ರಗಳು ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು.

ಈ ನಿಯಮಗಳನ್ನು ಅಂಗಡಿಯ ಕಟ್ಟೆಗೆ ತಂದು ನೋಡಿದರೆ ತೊಡಕು ಸ್ಪಷ್ಟವಾಗುತ್ತದೆ. ಒಬ್ಬ ಗಿರಾಕಿ 1,000 ರೂಪಾಯಿಗೆ ಕೊಂಡ ನಾಣ್ಯ 1,500 ರೂಪಾಯಿ ಬಾಳುವಾಗ ಅದನ್ನು ಕೊಟ್ಟು ಅಷ್ಟೇ ಬೆಲೆಯ ದಿನಸಿ ಕೊಂಡನೆನ್ನೋಣ. ತೆರಿಗೆಯ ದೃಷ್ಟಿಯಲ್ಲಿ ಅವನು ನಾಣ್ಯವನ್ನು ವರ್ಗಾಯಿಸಿದ್ದಾನೆ. 500 ರೂಪಾಯಿ ಲಾಭಕ್ಕೆ 150 ರೂಪಾಯಿ ತೆರಿಗೆ, ಅದರ ಮೇಲೆ ಸೆಸ್. ನಾಣ್ಯದ ಬೆಲೆ 700 ರೂಪಾಯಿಗೆ ಇಳಿದಿದ್ದರೆ ಆ 300 ರೂಪಾಯಿ ನಷ್ಟವನ್ನು ಬೇರಾವ ಆದಾಯದಲ್ಲಿಯೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ನಾಣ್ಯ ಪಡೆದ ವರ್ತಕನು ಮಿತಿ ಮೀರಿದಾಗ ಶೇ 1ರ ಕಡಿತಕ್ಕೆ ಹೊಣೆಗಾರನಾಗುತ್ತಾನೆ. ಪಡೆದ ದಿನದ ದರ, ಮಾರಿದ ದಿನದ ದರ ಎರಡನ್ನೂ ಲೆಕ್ಕಪುಸ್ತಕದಲ್ಲಿ ಬರೆದಿಡಬೇಕಾಗುತ್ತದೆ. ಕಂಪನಿಯಾಗಿ ನೋಂದಾಯಿತವಾದ ಉದ್ದಿಮೆಯು 2021ರ ಏಪ್ರಿಲ್ 1ರಿಂದ ತನ್ನ ಲೆಕ್ಕಪತ್ರದಲ್ಲಿ ಕ್ರಿಪ್ಟೋ ವ್ಯವಹಾರದ ವಿವರವನ್ನು ಪ್ರತ್ಯೇಕವಾಗಿ ತೋರಿಸಲೇಬೇಕು. ಒಂದು ಸೇರು ಬೇಳೆ ಕೊಳ್ಳಲು ಇಷ್ಟೊಂದು ಲೆಕ್ಕ ಬೇಕಾಗುವ ಹಣವನ್ನು ಯಾವ ಗೃಹಸ್ಥನೂ ಜೇಬಿನಲ್ಲಿಟ್ಟುಕೊಂಡು ಸಂತೆಗೆ ಹೋಗುವುದಿಲ್ಲ.

ಹಿಂಬಾಗಿಲಿನ ಪ್ರವೇಶ

ಹಾಗೆಂದು ಕ್ರಿಪ್ಟೋ ತಂತ್ರಜ್ಞಾನಕ್ಕೆ ವ್ಯಾಪಾರದಲ್ಲಿ ಸ್ಥಾನವೇ ಇಲ್ಲವೆಂದು ತೀರ್ಮಾನಿಸುವುದು ದುಡುಕಾದೀತು. ಮುಂಬಾಗಿಲಲ್ಲಿ ತಡೆಯಲ್ಪಟ್ಟದ್ದು ಹಿಂಬಾಗಿಲಿನಿಂದ ಒಳಬರುವ ಲಕ್ಷಣಗಳಿವೆ. ಆ ಬಾಗಿಲೇ ದೇಶದೇಶಗಳ ನಡುವಿನ ಪಾವತಿ.

ಸ್ಟೇಬಲ್‌ಕಾಯಿನ್ ಎಂಬುದು ಡಾಲರ್ ಮೊದಲಾದ ಹಣಕ್ಕೆ ಸಮಬೆಲೆಯಲ್ಲಿ ಕಟ್ಟಿಹಾಕಿದ ಕ್ರಿಪ್ಟೋ ನಾಣ್ಯ. ಹೊರಡಿಸಿದ ಪ್ರತಿ ನಾಣ್ಯಕ್ಕೂ ಒಂದು ಡಾಲರ್ ಬೆಲೆಯ ನಗದು ಅಥವಾ ಸರ್ಕಾರಿ ಸಾಲಪತ್ರವನ್ನು ಸಂಸ್ಥೆ ಕಾಪಿಟ್ಟಿರುತ್ತದೆ ಎಂಬ ಭರವಸೆಯೇ ಅದರ ಆಧಾರ. 2025ರಲ್ಲಿ ಇಂತಹ ನಾಣ್ಯಗಳ ಒಟ್ಟು ಮೌಲ್ಯ 25,000 ಕೋಟಿ ಡಾಲರ್ ಮೀರಿತು. ಯುರೋಪಿನ ಒಕ್ಕೂಟದಲ್ಲಿ 2024ರ ಜೂನ್ ಅಂತ್ಯದಿಂದ ಇವುಗಳಿಗೆ ನಿಯಮಗಳು ಜಾರಿಗೆ ಬಂದವು. ಅಮೆರಿಕದಲ್ಲಿ 2025ರ ಜುಲೈ 18ರಂದು ಸ್ಟೇಬಲ್‌ಕಾಯಿನ್ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದಿತು. ಪೂರ್ಣ ಕಾಪುನಿಧಿ ಮತ್ತು ಪ್ರತಿ ತಿಂಗಳ ಲೆಕ್ಕ ಪ್ರಕಟಣೆಯನ್ನು ಅದು ಕಡ್ಡಾಯಗೊಳಿಸಿತು. ಹಾಂಕಾಂಗ್‌ನ ಕಾನೂನು ಅದೇ ಆಗಸ್ಟ್ 1ರಿಂದ ಜಾರಿಯಾಯಿತು.

ಈ ನಾಣ್ಯದ ಆಕರ್ಷಣೆ ಸಣ್ಣ ರಫ್ತುದಾರನಿಗೆ ಬೇಗ ಅರ್ಥವಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಕಳಿಸುವ ವರ್ತಕನಿಗಾಗಲಿ, ಪೀಣ್ಯದ ಯಂತ್ರ ಬಿಡಿಭಾಗ ತಯಾರಕನಿಗಾಗಲಿ ಹೊರದೇಶದ ಹಣ ಎರಡು ಮೂರು ಬ್ಯಾಂಕುಗಳನ್ನು ದಾಟಿ, ಅಲ್ಲಲ್ಲಿ ಶುಲ್ಕ ತೆತ್ತು, ದಿನಗಟ್ಟಲೆ ಕಾಯಿಸಿ ಕೈಸೇರುತ್ತದೆ. ದುಡಿಯುವವರು ಮನೆಗೆ ಕಳಿಸುವ ಸಣ್ಣ ಮೊತ್ತಗಳಿಗೆ ಜಗತ್ತಿನಲ್ಲಿ ತಗಲುವ ಸರಾಸರಿ ಖರ್ಚು ವಿಶ್ವ ಬ್ಯಾಂಕಿನ ಲೆಕ್ಕದಂತೆ ಶೇ 6ಕ್ಕೂ ಹೆಚ್ಚು. 2030ರ ವೇಳೆಗೆ ಅದನ್ನು ಶೇ 3ಕ್ಕಿಂತ ಕೆಳಗೆ ತರಬೇಕೆಂಬುದು ವಿಶ್ವಸಂಸ್ಥೆಯ ಗುರಿ. ಸ್ಟೇಬಲ್‌ಕಾಯಿನ್ ಜಾಲದ ಮೇಲೆ ನಿಮಿಷಗಳಲ್ಲಿ ತಲುಪುತ್ತದೆ, ರಜಾದಿನವೆಂಬುದಿಲ್ಲ. ಚಿಲ್ಲರೆ ಅಂಗಡಿಯಲ್ಲಿ ಇಲ್ಲದ ಕೊರತೆ ಇಲ್ಲಿ ನಿಜವಾಗಿಯೂ ಇದೆ.

ಆದರೆ ಸ್ಥಿರವೆಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಸ್ಥಿರವಲ್ಲ. ಕಾಪುನಿಧಿಯ ಬದಲು ಗಣಿತದ ಸೂತ್ರವನ್ನು ನಂಬಿದ್ದ ಟೆರಾಯುಎಸ್‌ಡಿ 2022ರ ಮೇ ತಿಂಗಳಲ್ಲಿ ನೆಲಕಚ್ಚಿತು. ಕಾಪುನಿಧಿಯಿದ್ದ ಯುಎಸ್‌ಡಿಸಿ ಕೂಡ 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ, ಆ ಬ್ಯಾಂಕಿನಲ್ಲಿ ಇಟ್ಟಿದ್ದ 330 ಕೋಟಿ ಡಾಲರ್‌ನ ಚಿಂತೆಯಿಂದ ಕೆಲಕಾಲ 90 ಸೆಂಟ್‌ಗಿಂತ ಕೆಳಗಿಳಿದು ಮತ್ತೆ ಚೇತರಿಸಿಕೊಂಡಿತು.

ಭಾರತದ ರಫ್ತುದಾರನಿಗೆ ಇದಕ್ಕಿಂತ ಹತ್ತಿರದ ಅಪಾಯ ಬೇರೆಯೇ ಇದೆ. ‘ಬ್ಯಾಂಕ್ ಬೇಡ, ಸ್ಟೇಬಲ್‌ಕಾಯಿನ್‌ನಲ್ಲಿ ಕೊಡುತ್ತೇನೆ, ದರದಲ್ಲಿ ರಿಯಾಯಿತಿ ಬೇಕು’ ಎನ್ನುವ ಖರೀದಿದಾರ ಎದುರಾದಾಗ ಆಸೆ ಹುಟ್ಟುವುದು ಸಹಜ. ಆದರೆ ವಿದೇಶಿ ವಿನಿಮಯ ನಿಯಮದಂತೆ ರಫ್ತಿನ ಹಣ ಅಧಿಕೃತ ಬ್ಯಾಂಕಿನ ಮೂಲಕವೇ ದೇಶಕ್ಕೆ ಬರಬೇಕು. ಬ್ಯಾಂಕಿನ ಪ್ರಮಾಣಪತ್ರವಿಲ್ಲದಿದ್ದರೆ ಸಾಗಿಸಿದ ಸರಕಿನ ಹಣ ಬಾಕಿಯೆಂದೇ ದಾಖಲೆಯಲ್ಲಿ ಉಳಿಯುತ್ತದೆ, ರಫ್ತು ಸೌಲಭ್ಯಗಳಿಗೂ ಕುತ್ತು ಬರುತ್ತದೆ. ಇನ್ನು ಆ ನಾಣ್ಯವನ್ನು ಅಪರಿಚಿತರಿಗೆ ಮಾರಿ ರೂಪಾಯಿ ಪಡೆದನೆನ್ನೋಣ; ಬಂದ ರೂಪಾಯಿ ಸೈಬರ್ ವಂಚನೆಯ ಹಣವಾಗಿದ್ದರೆ ವರ್ತಕನ ಚಾಲ್ತಿ ಖಾತೆಯೇ ಸ್ಥಗಿತಗೊಳ್ಳಬಹುದು. ಶೇ 2 ಉಳಿಸಹೊರಟವನು ಆಳುಗಳ ಸಂಬಳ ಕೊಡಲೂ ಪರದಾಡುವ ಸ್ಥಿತಿ ಅದು. ಚಿನಿವಾರ ಪೇಟೆಯಲ್ಲಿ ಚಿನ್ನವನ್ನು ಒರೆಗೆ ಹಚ್ಚದೆ ಕೊಳ್ಳದ ವರ್ತಕ, ಕಣ್ಣಿಗೆ ಕಾಣದ ನಾಣ್ಯದ ವಿಷಯದಲ್ಲಿ ಆ ವಿವೇಕವನ್ನು ಬಿಡಕೂಡದು.

ಕಾಲನಿರ್ಣಯದ ಮಾತು

ಹಾಗಾದರೆ ಕ್ರಿಪ್ಟೋ ಕರೆನ್ಸಿಯ ದಿನ ಬರುವುದೆಂದು? ಮೂರು ಹಂತಗಳಾಗಿ ಉತ್ತರಿಸುವುದು ಲೇಸು. ಹೂಡಿಕೆಯ ವಸ್ತುವಾಗಿ ಅದು ಈಗಾಗಲೇ ಬಂದಾಗಿದೆ. 2024ರ ಜನವರಿಯಲ್ಲಿ ಅಮೆರಿಕದ ಷೇರು ನಿಯಂತ್ರಣ ಮಂಡಳಿಯು ಬಿಟ್‌ಕಾಯಿನ್ ಆಧಾರಿತ ನಿಧಿಗಳಿಗೆ ಒಪ್ಪಿಗೆ ನೀಡಿದ್ದು ಅದಕ್ಕೆ ಮುದ್ರೆ ಒತ್ತಿತು. ದೇಶಾಂತರ ಪಾವತಿಯ ಸಾಧನವಾಗಿ ಅದು ಹೊಸ್ತಿಲು ದಾಟುತ್ತಿದೆ. ದೊಡ್ಡ ಆರ್ಥಿಕತೆಗಳು ಕಾನೂನು ರೂಪಿಸಿರುವುದರಿಂದ ಈ ದಶಕ ಮುಗಿಯುವುದರೊಳಗೆ ಅಲ್ಲಿ ಅದರ ಬಳಕೆ ಸಾಮಾನ್ಯವೆನಿಸಿದರೆ ಆಶ್ಚರ್ಯವಿಲ್ಲ. ಭಾರತದ ಕಿರಾಣಿ ಅಂಗಡಿಯ ಹಣವಾಗಿ ಖಾಸಗಿ ಕ್ರಿಪ್ಟೋ ನಾಣ್ಯ ಬರುವ ದಿನ ಮಾತ್ರ ಕಾಣುವಷ್ಟು ದೂರದಲ್ಲಿ ಇಲ್ಲ. ಬಂದರೂ ಗಿರಾಕಿಗೆ ಅದರ ಅರಿವೇ ಇರಲಾರದು: ಆತ ಎಂದಿನಂತೆ ಫೋನ್ ತೋರಿಸಿ ರೂಪಾಯಿ ಕೊಡುತ್ತಾನೆ, ಹಿಂದಿನ ಯಂತ್ರಾಂಗ ಮಾತ್ರ ಬದಲಾಗಿರುತ್ತದೆ.

ಆ ಯಂತ್ರಾಂಗಕ್ಕೆ ರಿಸರ್ವ್ ಬ್ಯಾಂಕ್ ತನ್ನದೇ ಉತ್ತರವನ್ನು ಸಿದ್ಧಪಡಿಸುತ್ತಿದೆ. 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿದಂತೆ ನಾಲ್ಕು ನಗರಗಳಲ್ಲಿ ಚಿಲ್ಲರೆ ಡಿಜಿಟಲ್ ರೂಪಾಯಿಯ ಪ್ರಯೋಗ ಆರಂಭವಾಯಿತು. 2025ರ ಮಾರ್ಚ್ ವೇಳೆಗೆ ಚಲಾವಣೆಯಲ್ಲಿದ್ದ ಡಿಜಿಟಲ್ ರೂಪಾಯಿ ಸುಮಾರು 1,016 ಕೋಟಿ. ಯುಪಿಐನ ಮುಂದೆ ಇದು ಹನಿ ನೀರು. ಸರ್ಕಾರದ ಖಾತರಿಯಿರುವ ಡಿಜಿಟಲ್ ಹಣವೇ ಅಂಗಡಿಯಲ್ಲಿ ಕಾಲೂರಲು ಹೆಣಗುತ್ತಿರುವಾಗ ಖಾತರಿಯಿಲ್ಲದ ನಾಣ್ಯದ ಪಾಡು ಊಹಿಸಬಹುದು. ಅದೇ ಹೊತ್ತಿಗೆ 2023ರ ಫೆಬ್ರುವರಿಯಲ್ಲಿ ಯುಪಿಐ ಸಿಂಗಪುರದ ಪೇನೌ ವ್ಯವಸ್ಥೆಯೊಡನೆ ಬೆಸೆದುಕೊಂಡಿತು. ಇಂತಹ ಬೆಸುಗೆಗಳು ಬೇಗ ಹೆಚ್ಚಿದರೆ ಹಿಂಬಾಗಿಲಿನ ಅಗತ್ಯವೂ ತಗ್ಗೀತು. ತಡವಾದರೆ ಸ್ಟೇಬಲ್‌ಕಾಯಿನ್ ಆ ಜಾಗವನ್ನು ಆಕ್ರಮಿಸೀತು.

ಅಲ್ಲಿಯವರೆಗೆ ವರ್ತಕರ ಕರ್ತವ್ಯ ಸರಳವಾಗಿದೆ. ದುಡಿಯುವ ಬಂಡವಾಳವನ್ನು ಕ್ರಿಪ್ಟೋದಲ್ಲಿ ತೊಡಗಿಸಬಾರದು. ಹೂಡುವುದಾದರೆ ಸ್ವಂತ ಉಳಿತಾಯದಿಂದ, ಕಳೆದುಕೊಂಡರೂ ವ್ಯಾಪಾರ ನಿಲ್ಲದಷ್ಟೇ ಹೂಡಬೇಕು. ರಫ್ತಿನ ಹಣವನ್ನು ಬ್ಯಾಂಕಿನ ಹೊರಗೆ ಪಡೆಯಬಾರದು. ನಡೆದ ವ್ಯವಹಾರವನ್ನು ದರ ಮತ್ತು ದಿನಾಂಕ ಸಹಿತ ಲೆಕ್ಕಕ್ಕೆ ತರಬೇಕು. ವಾಣಿಜ್ಯ ಸಂಸ್ಥೆಗಳ ಹೊಣೆ ಇದಕ್ಕಿಂತ ಹಿರಿದು. ತೆರಿಗೆಯೊಂದನ್ನೇ ಹಾಕಿ ಕಾನೂನನ್ನು ಮುಂದೂಡುವ ಸ್ಥಿತಿ ವ್ಯಾಪಾರಕ್ಕೆ ಹಿತವಲ್ಲ. ಯಾವುದಕ್ಕೆ ಅನುಮತಿಯಿದೆ, ಯಾವುದಕ್ಕಿಲ್ಲ, ವಂಚನೆಯಾದರೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಸ್ಪಷ್ಟಪಡಿಸುವ ಕಾಯ್ದೆ ಬೇಕೆಂದೂ, ಸಣ್ಣ ರಫ್ತುದಾರರ ಹೊರದೇಶದ ಪಾವತಿ ಅಗ್ಗವೂ ಶೀಘ್ರವೂ ಆಗಬೇಕೆಂದೂ ಅವು ಕೇಂದ್ರದ ಮುಂದೆ ಒತ್ತಾಯಿಸಬೇಕು.

ಹಣದ ರೂಪ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ, ಮುಂದೆಯೂ ಬದಲಾಗುತ್ತದೆ. ಬದಲಾಗದಿರುವುದು ವರ್ತಕನ ಒಂದೇ ಪ್ರಶ್ನೆ: ಇಂದು ಇದನ್ನು ಪಡೆದರೆ ನಾಳೆ ಸರಕು ತರಲು ಬರುತ್ತದೆಯೇ? ಈ ಪ್ರಶ್ನೆಗೆ ಹಿಂಜರಿಕೆಯಿಲ್ಲದೆ ‘ಹೌದು’ ಎನ್ನಲು ಸಾಧ್ಯವಾದ ದಿನವೇ ಕ್ರಿಪ್ಟೋ ಗಲ್ಲಾಪೆಟ್ಟಿಗೆಗೆ ಬರುವ ದಿನ. ಅದಕ್ಕೆ ಮುನ್ನ ಅದನ್ನು ಬಲವಂತವಾಗಿ ಒಳಗೆ ಕರೆಯಬೇಕಾದ ತುರ್ತು ಯಾವ ವರ್ತಕನಿಗೂ ಇಲ್ಲ.